ಕುಡಿತದ ಸಮ್ಮೇಳನ: ಆದಿವಾಸಿಗಳು ಸ್ವಾಗತ ನೃತ್ಯಕ್ಕೆ ಮಾತ್ರನಾ?

ಮದ್ಯ, ಡ್ರಗ್ಸ್ ಚಟದ ಬಗ್ಗೆ ದೊಡ್ಡ ಸಮ್ಮೇಳನ ಅಂದ್ರೆ ಸಾಮಾನ್ಯವಾಗಿ ವೇದಿಕೆ ಮೇಲೆ ಡಾಕ್ಟರು, ಪ್ರೊಫೆಸರು, ಇಲಾಖೆ ಅಧಿಕಾರಿಗಳು. ಸ್ಕ್ರೀನ್ ಮೇಲೆ ಅಂಕಿ-ಅಂಶ. ಅಂಕಿ-ಅಂಶದಲ್ಲಿ ಆದಿವಾಸಿಗಳ ಹೆಸರು ಹತ್ತು ಸಲ ಬರುತ್ತೆ. ಆದ್ರೆ ಆದಿವಾಸಿಗಳು ಬರೋದು ಬೆಳಗ್ಗೆ ಉದ್ಘಾಟನೆಗೆ, ಅದೂ ಕುಣಿಯೋಕೆ. ಕೆನಡಾ, ಆಸ್ಟ್ರೇಲಿಯಾದ ಮೂಲನಿವಾಸಿಗಳು ದಶಕಗಳಿಂದ ತಕರಾರು ತೆಗೆದಿರೋದು ಇದಕ್ಕೇ. ಯಾವ ವಿಷಯ ಇಡಬೇಕು, ಯಾರನ್ನ ಮಾತಾಡಿಸಬೇಕು, ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ತೀರ್ಮಾನಿಸೋ ಕಮಿಟಿಯಲ್ಲೇ ತಾವಿರಬೇಕು ಅನ್ನೋದು ಅವರ ಬೇಡಿಕೆ.

ಬೇಡಿಕೆ ಇಟ್ಟು ಸುಮ್ಮನೆ ಕೂರಲಿಲ್ಲ, ಮಾಡಿಯೂ ತೋರಿಸಿದ್ರು. ಕೆನಡಾದ ಎಡ್ಮಂಟನ್‌ನಲ್ಲಿ 1992ರಲ್ಲಿ 'ಹೀಲಿಂಗ್ ಅವರ್ ಸ್ಪಿರಿಟ್ ವರ್ಲ್ಡ್‌ವೈಡ್' ಅನ್ನೋ ಅಂತಾರಾಷ್ಟ್ರೀಯ ಸಮಾವೇಶ ನಡೀತು. ವಿಷಯ ಮದ್ಯ ಮತ್ತು ಡ್ರಗ್ಸ್. ಇದರ ಹಿಂದಿದ್ದವರು ಕ್ಯಾರಿಯರ್ ಸಮುದಾಯದ ಮ್ಯಾಗಿ ಹಾಡ್ಜ್‌ಸನ್. ಮೂಲನಿವಾಸಿಗಳಿಗೇ ವ್ಯಸನಮುಕ್ತಿ ಕೌನ್ಸೆಲಿಂಗ್ ತರಬೇತಿ ಕೊಡೋ ನೆಚಿ ಸಂಸ್ಥೆಯನ್ನ ನಡೆಸುತ್ತಿದ್ದವರು. ಬೇರೆ ಬೇರೆ ದೇಶಗಳಿಂದ ಸಾವಿರಾರು ಜನ ಬಂದಿದ್ರು.

ಯೋಜನೆ ಮಾಡೋರು ಬದಲಾದ್ರೆ ಏನಾಗುತ್ತೆ?

ಮೊದಲು ಪ್ರಶ್ನೆಯೇ ಬದಲಾಗುತ್ತೆ. 'ಇವರು ಯಾಕಿಷ್ಟು ಕುಡೀತಾರೆ' ಅನ್ನೋ ಜಾಗದಲ್ಲಿ 'ಇವರಿಗೆ ಏನಾಗಿತ್ತು' ಅಂತ ಶುರುವಾಗುತ್ತೆ. ಕೆನಡಾದಲ್ಲಿ ಸುಮಾರು ಒಂದೂವರೆ ಲಕ್ಷ ಮೂಲನಿವಾಸಿ ಮಕ್ಕಳನ್ನ ವಸತಿ ಶಾಲೆಗಳಿಗೆ ಹಾಕಲಾಗಿತ್ತು. ಎಷ್ಟೋ ಮಕ್ಕಳನ್ನ ತಂದೆ-ತಾಯಿಯಿಂದ ಬಲವಂತವಾಗಿ ಕಿತ್ತುಕೊಂಡು ಹೋಗಿದ್ದು. ಅಲ್ಲಿ ತಮ್ಮ ಭಾಷೆ ಆಡಿದ್ರೆ ಏಟು. ಸರ್ಕಾರ ಇದಕ್ಕೆ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಆ ಮಕ್ಕಳು ದೊಡ್ಡವರಾದ ಮೇಲೆ ಬಾಟಲಿ ಹಿಡಿದದ್ದನ್ನ ಬರೀ ಲಿವರ್ ಕಾಯಿಲೆ ಅಂತ ಚರ್ಚೆ ಮಾಡಿದ್ರೆ ಅರ್ಧ ವಿಷಯ ಹೊರಗೇ ಉಳಿಯುತ್ತೆ.

ಎರಡನೇದು, ಯಾರು ಪರಿಣತರು ಅನ್ನೋದು. ಬ್ರಿಟಿಷ್ ಕೊಲಂಬಿಯಾದ ಆಲ್ಕಲೈ ಲೇಕ್ ಅನ್ನೋ ಶುಶ್ವಾಪ್ ಜನರ ಸಣ್ಣ ಊರನ್ನೇ ತಗೊಳ್ಳಿ. 1970ರ ಹೊತ್ತಿಗೆ ಊರಿಗೆ ಊರೇ ಕುಡಿತಕ್ಕೆ ಬಿದ್ದಿತ್ತು. 1972ರ ಸುಮಾರಿಗೆ ಫಿಲಿಸ್ ಚೆಲ್ಸಿ ಅನ್ನೋ ಹೆಣ್ಣುಮಗಳು ಕುಡಿತ ಬಿಟ್ಟರು. ಕಾರಣ, ಅಜ್ಜಿ ಮನೆಯಲ್ಲಿದ್ದ ಏಳು ವರ್ಷದ ಮಗಳು, ನೀವು ಕುಡೀತೀರ, ನಾನು ಮನೆಗೆ ಬರಲ್ಲ ಅಂದುಬಿಟ್ಟಳು. ಆಮೇಲೆ ಗಂಡ ಆಂಡಿಯೂ ಬಿಟ್ಟರು, ಊರಿನ ಮುಖ್ಯಸ್ಥರೂ ಆದರು.

ಆಂಡಿ ಮಾಡಿದ್ದು ಭಾಷಣ ಅಲ್ಲ. ಸರ್ಕಾರದ ಸಹಾಯಧನವನ್ನ ಕೈಗೆ ನಗದು ಕೊಡೋ ಬದಲು ದಿನಸಿ, ಬಟ್ಟೆಗೆ ಮಾತ್ರ ನಡೆಯೋ ಚೀಟಿ ಮಾಡಿದ್ರು. ಕದ್ದು ಮದ್ಯ ಮಾರೋರನ್ನ ಹಿಡಿಯೋಕೆ ಪೊಲೀಸರ ಜೊತೆ ಸೇರಿ ಗುರುತು ಹಾಕಿದ ನೋಟು ಬಳಸಿದ್ರು. ಯಾರಾದ್ರೂ ಚಿಕಿತ್ಸೆಗೆ ಹೋದ್ರೆ ಅವರ ಮಕ್ಕಳನ್ನ ಊರವರು ನೋಡ್ಕೊಳ್ತಿದ್ರು, ಮನೆ ರಿಪೇರಿ ಮಾಡಿ ಇಡ್ತಿದ್ರು. ಬಿಟ್ಟು ಬಂದವನು ಹಳೇ ಮುರುಕಲು ಮನೆಗೇ ವಾಪಸ್ ಹೋದ್ರೆ ಮತ್ತೆ ಶುರು ಮಾಡ್ತಾನೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಕಡೆ ಮದ್ಯವರ್ಜನ ಶಿಬಿರ ಮುಗಿಸಿ ಬಂದವರ ಮನೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 1980ರ ದಶಕದ ಮಧ್ಯದ ಹೊತ್ತಿಗೆ ಶೇ. 95ರಷ್ಟು ಜನ ಕುಡಿತ ಬಿಟ್ಟಿದ್ದರು ಅನ್ನೋದು ಸಮುದಾಯದ ಲೆಕ್ಕ. ಪ್ರಬಂಧ ಬರೆದವರನ್ನ ಮಾತ್ರ ಕರೆಯೋ ಸಮ್ಮೇಳನದಲ್ಲಿ ಫಿಲಿಸ್, ಆಂಡಿ ಅಂಥವರಿಗೆ ಕುರ್ಚಿ ಸಿಗೋದು ಕಷ್ಟ.

ಸಂಶೋಧನೆ ಬೇಡ ಅಂತಾನೂ ಅಲ್ಲ. ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ಕ್ರಾಸಿಂಗ್‌ನಲ್ಲಿ 2007ರಲ್ಲಿ, ಅಂದ್ರೆ ಕರ್ನಾಟಕದಲ್ಲಿ ಸಾರಾಯಿ ಬಂದ್ ಆದ ವರ್ಷವೇ, ಜೂನ್ ಆಸ್ಕರ್, ಎಮಿಲಿ ಕಾರ್ಟರ್ ಮುಂತಾದ ಮೂಲನಿವಾಸಿ ಹೆಣ್ಣುಮಕ್ಕಳು ಹೋರಾಡಿ ಸ್ಟ್ರಾಂಗ್ ಮದ್ಯದ ಪಾರ್ಸಲ್ ಮಾರಾಟ ನಿಲ್ಲಿಸಿದ್ರು. ಆಮೇಲೆ, ಗರ್ಭಿಣಿಯರು ಕುಡಿದಿದ್ದರಿಂದ ಮಕ್ಕಳಿಗೆ ಏನಾಗಿದೆ ಅಂತ ಪತ್ತೆ ಮಾಡೋಕೆ ವಿಜ್ಞಾನಿಗಳನ್ನ ಅವರೇ ಕರೆಸಿಕೊಂಡ್ರು. ತಪಾಸಣೆ ಮಾಡಿದ ಮಕ್ಕಳಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ತೊಂದರೆ ಇತ್ತು. ತಾಯಂದಿರಿಗೆ ಇದು ಒಪ್ಪಿಕೊಳ್ಳೋಕೆ ಸುಲಭದ ವಿಷಯ ಅಲ್ಲ. ಹೊರಗಿನವರು ಬಂದು ಕೇಳಿದ್ದರೆ ಬಾಯಿ ಬಿಡ್ತಿದ್ರೋ ಇಲ್ವೋ.

ಕಾನೂನು ಏನು ಹೇಳುತ್ತೆ? ತಮ್ಮ ಹಕ್ಕಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ, ತಾವೇ ಆರಿಸಿದ ಪ್ರತಿನಿಧಿಗಳ ಮೂಲಕ ಭಾಗವಹಿಸೋ ಹಕ್ಕು ಮೂಲನಿವಾಸಿಗಳಿಗಿದೆ ಅಂತ ವಿಶ್ವಸಂಸ್ಥೆಯ 2007ರ ಘೋಷಣೆಯ 18ನೇ ವಿಧಿ ಹೇಳುತ್ತೆ. ಭಾರತ ಪರವಾಗಿ ಮತ ಹಾಕಿತ್ತು. ಕೆನಡಾ, ಆಸ್ಟ್ರೇಲಿಯಾ ಆಗ ವಿರೋಧಿಸಿ, ಆಮೇಲೆ ಒಪ್ಪಿಕೊಂಡವು. ಘೋಷಣೆ ಪಾಲಿಸಲೇಬೇಕು ಅಂತೇನಿಲ್ಲ. ಆದ್ರೆ 'ತಾವೇ ಆರಿಸಿದ' ಅನ್ನೋ ಪದ ಮುಖ್ಯ. ಆಯೋಜಕರು ತಮಗೆ ಪರಿಚಯ ಇರೋ ಒಬ್ಬರನ್ನ ಕಮಿಟಿಗೆ ಹಾಕಿಕೊಂಡು ಫೋಟೋ ತೆಗೆಸಿದ್ರೆ ಅದು ಲೆಕ್ಕಕ್ಕೆ ಬರಲ್ಲ. ಕಾರ್ಯಕ್ರಮ ಪಟ್ಟಿ ಪ್ರಿಂಟ್ ಆದ ಮೇಲೆ ಅಭಿಪ್ರಾಯ ಕೇಳೋದೂ ಅಷ್ಟೇ.

ಎಡ್ಮಂಟನ್ ಸಮಾವೇಶ ಅಲ್ಲಿಗೇ ನಿಲ್ಲಲಿಲ್ಲ. 1994ರಲ್ಲಿ ಸಿಡ್ನಿ, 1998ರಲ್ಲಿ ನ್ಯೂಜಿಲೆಂಡ್‌ನ ರೊಟೊರುವಾ, 2002ರಲ್ಲಿ ಅಮೆರಿಕದ ಆಲ್ಬುಕರ್ಕಿ, ಹೀಗೆ ಊರೂರು ತಿರುಗಿ 2023ರಲ್ಲಿ ವ್ಯಾಂಕೂವರ್‌ನಲ್ಲಿ ನಡೀತು. ಅಲ್ಲಿ ಆತಿಥ್ಯ ವಹಿಸಿದ್ದು ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳೇ ನಡೆಸೋ ಆರೋಗ್ಯ ಪ್ರಾಧಿಕಾರ.