ಪಿಕಳಾರಕ್ಕೆ ಹಣ್ಣು, ನಾಯಿಮರಿಗೆ ವಿಷ

ಮೈಸೂರಿನ ನಮ್ಮ ಬಡಾವಣೆಯಲ್ಲಿ ಡುರಾಂಟ ಬೇಲಿಯಿಲ್ಲದ ಬೀದಿ ಅಪರೂಪ. ಕಡ್ಡಿ ನೆಟ್ಟರೂ ಚಿಗುರುವ ಗಿಡ. ನೇರಳೆ ಹೂಗೊಂಚಲು ಉದುರಿದ ಮೇಲೆ ಬಟಾಣಿ ಗಾತ್ರದ ಹೊಂಬಣ್ಣದ ಹಣ್ಣುಗಳು ಜೋತು ಬೀಳುತ್ತವೆ. ಅವು ನೆಲಕ್ಕುದುರುವ ದಿನಗಳಲ್ಲಿ ನಾನು ನಮ್ಮ ನಾಯಿ ಕಾಳನನ್ನು ಸರಪಳಿ ಇಲ್ಲದೆ ಹಿತ್ತಲಿಗೆ ಬಿಡುವುದಿಲ್ಲ.

ಪಕ್ಕದ ಮನೆಗೆ ಹೊಸದಾಗಿ ನಾಯಿಮರಿ ಬಂದಾಗ ಅವರಿಗೂ ಇದನ್ನೇ ಹೇಳಿದೆ. "ಅಲ್ಲಾ ಅಕ್ಕಾ, ಪಿಕಳಾರ ದಿನಾ ತಿನ್ನುತ್ತಲ್ಲ, ಅದಕ್ಕೇನೂ ಆಗಲ್ಲ" ಎಂದರು ಆಕೆ. ಹಕ್ಕಿ ತಿಂದದ್ದನ್ನೆಲ್ಲ ನಾಯಿ ತಿನ್ನಬಹುದೆಂಬ ಈ ನಂಬಿಕೆಯೇ ಅಪಾಯ. ಹಕ್ಕಿಗಳು ಹಣ್ಣು ನುಂಗಿ ಬೀಜ ಹರಡುತ್ತವೆ. ಆದರೆ ಈ ಗಿಡದ ಹಣ್ಣು ಮತ್ತು ಎಲೆ ನಾಯಿ, ಬೆಕ್ಕು, ಮಕ್ಕಳಿಗೆ ವಿಷ. ಆಸ್ಟ್ರೇಲಿಯಾದ ಪಶುವೈದ್ಯರು ಇದರಿಂದ ಕಾಯಿಲೆಬಿದ್ದ 9 ನಾಯಿ, 1 ಬೆಕ್ಕಿನ ವಿವರವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ತೂಕಡಿಕೆ, ವಾಂತಿ, ಭೇದಿ, ಕರಿ ಮಲ, ಮುಟ್ಟಿದರೆ ಬೆಚ್ಚಿಬೀಳುವುದು, ಮೈ ಸೆಟೆದು ಫಿಟ್ಸ್ ಬರುವುದು ಇದರ ಲಕ್ಷಣಗಳು.

ನಾಯಿ ಹಣ್ಣು ತಿಂದದ್ದು ಕಂಡರೆ ಲಕ್ಷಣ ಕಾಣಲೆಂದು ಕಾಯಬೇಡಿ. ಬಾಯಲ್ಲಿ ಉಳಿದದ್ದನ್ನು ತೆಗೆದು, ಹಣ್ಣಿರುವ ಒಂದು ಕಡ್ಡಿ ಹಿಡಿದುಕೊಂಡೇ ಪಶುವೈದ್ಯರ ಬಳಿಗೆ ಓಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಪ್ಪೇ ವಿಷವಾಗಬಲ್ಲದು.

ಇಷ್ಟಾದರೂ ಬೇಲಿಯನ್ನೆಲ್ಲ ಇಂದೇ ಕಿತ್ತುಹಾಕಿ ಎನ್ನುವುದಿಲ್ಲ. ಡುರಾಂಟ ಹೂಬಿಡುವುದು ಕುಡಿಗಳಲ್ಲಿ. ಪಾರ್ಕುಗಳಲ್ಲಿ ತಿಂಗಳು ತಿಂಗಳೂ ಸಮನಾಗಿ ಕತ್ತರಿಸುವ ಬೇಲಿಯಲ್ಲಿ ಹಣ್ಣು ಕಾಣುವುದೇ ಕಡಿಮೆ. ಕತ್ತರಿ ಕಾಣದೆ ಆಳೆತ್ತರ ಬೆಳೆದ ಗಿಡವೇ ಮೈತುಂಬ ಹಣ್ಣು ಬಿಡುವುದು. ಹಾಗಾಗಿ ಹೂ ಬಾಡುತ್ತಿದ್ದಂತೆ ಗೊಂಚಲು ಕತ್ತರಿಸಿ, ಉದುರಿದ್ದನ್ನು ಗುಡಿಸಿ. ಕತ್ತರಿಸಿದ ಸೊಪ್ಪನ್ನು ಬೀದಿಹಸುವಿನ ಮುಂದೆ ಸುರಿಯಬೇಡಿ.

ಕಂಡದ್ದನ್ನೆಲ್ಲ ಕಚ್ಚುವ ಮರಿ ಮನೆಯಲ್ಲಿದ್ದರೆ ಮಾತ್ರ ನನ್ನ ಸಲಹೆ ಬೇರೆ: ಡುರಾಂಟ ತೆಗೆದು ಕೇಪಳ ನೆಡಿ. ಅದೂ ಬೇಲಿಗೆ ಒಗ್ಗುವ ಗಿಡ, ಕೆಂಪು ಹೂವಿಗೆ ಚಿಟ್ಟೆಗಳೂ ಬರುತ್ತವೆ. ಅದರ ಹಣ್ಣನ್ನು ಕರಾವಳಿಯ ಮಕ್ಕಳು ಕಿತ್ತು ತಿನ್ನುತ್ತಾರೆ. ಪಕ್ಕದ ಮನೆಯವರಿಗೂ ನಾನು ಕೊಟ್ಟದ್ದು ಕೇಪಳದ ಸಸಿಗಳನ್ನೇ.