ಗಣಕಯಂತ್ರದ ನಿದ್ರೆ ಮತ್ತು ಎಚ್ಚರ

ಬೆಳಿಗ್ಗೆ ಗಣಕಯಂತ್ರದ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ ಚಹಾ ಕಾಯಿಸಿ ತಂದರೂ ಪರದೆಯ ಮೇಲಿನ ಚಕ್ರ ಸುತ್ತುತ್ತಲೇ ಇರುವುದು ಅನೇಕ ಮನೆಗಳ ಅನುಭವ. ನಮ್ಮ ಮನೆಯ ಹಳೆಯ ಯಂತ್ರವಂತೂ ಎಚ್ಚರಗೊಳ್ಳಲು ಐದು ನಿಮಿಷ ಬೇಡುತ್ತಿತ್ತು. ಕಾಲೇಜಿನ ಅರ್ಜಿ ತುಂಬುವ ಕಡೆಯ ದಿನ ಸಂಜೆ ಮಗಳು ಅದರ ಮುಂದೆ ಕುಳಿತು ಕಣ್ಣೀರಿಟ್ಟಳು. ಕೊನೆಗೆ ನೆರೆಮನೆಗೆ ಓಡಿಹೋಗಿ ಅರ್ಜಿ ಕಳುಹಿಸಿದೆವು. “ಅಪ್ಪಾ, ಇದನ್ನು ಗುಜರಿಗೆ ಹಾಕಿ ಹೊಸದು ತನ್ನಿ” ಎಂದಳು. ಹೊಸದನ್ನು ಕೊಳ್ಳುವ ಅನುಕೂಲ ಆಗ ಇರಲಿಲ್ಲ. ಯಂತ್ರವು ತಡಮಾಡುವುದೇಕೆಂದು ವಿಚಾರಿಸಿ ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇನೆ.

ತಡವಾಗುವುದೇಕೆ?

ವಿದ್ಯುತ್ತು ಹರಿದೊಡನೆ ಮೊದಲು ಕೆಲಸಕ್ಕೆ ತೊಡಗುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಸಣ್ಣ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಇದಕ್ಕೆ ಬಯೋಸ್ ಎಂದೂ ಈಚಿನವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಅದು ಯಂತ್ರದ ಅಂಗಾಂಗಗಳನ್ನು ಪರೀಕ್ಷಿಸಿ, ವಿಂಡೋಸ್‌ನಂತಹ ಕಾರ್ಯಾಚರಣೆ ವ್ಯವಸ್ಥೆಯನ್ನು ಡಿಸ್ಕಿನಿಂದ ಸ್ಮೃತಿಗೆ ಕರೆತರುವ ಕೆಲಸವನ್ನು ಆರಂಭಿಸುತ್ತದೆ. ಹೆಚ್ಚಿನ ವಿಳಂಬವಾಗುವುದು ಇಲ್ಲಿಯೇ. ಸಾಮಾನ್ಯ ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ ೫,೪೦೦ ಅಥವಾ ೭,೨೦೦ ಸುತ್ತು ತಿರುಗುತ್ತವೆ. ಚದುರಿರುವ ಸಾವಿರಾರು ಕಡತಗಳನ್ನು ಅದರ ತೋಳು ಅತ್ತಿತ್ತ ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿ ಎಂಬ ಡಿಸ್ಕಿನಲ್ಲಿ ತಿರುಗುವ ಭಾಗವೇ ಇಲ್ಲವಾದುದರಿಂದ ಈ ಹುಡುಕಾಟದ ಹೊತ್ತು ಉಳಿಯುತ್ತದೆ.

ಹತ್ತು ಸೆಕೆಂಡಿನ ಬೆಲೆ

೧೯೮೩ರಲ್ಲಿ ಆಪಲ್ ಸಂಸ್ಥೆಯವರು ಮ್ಯಾಕಿಂತೋಷ್ ಯಂತ್ರವನ್ನು ರೂಪಿಸುತ್ತಿದ್ದರು. ಅದು ಆರಂಭವಾಗುವುದು ತಡವಾಯಿತೆಂದು ಸ್ಟೀವ್ ಜಾಬ್ಸ್ ಅವರು ಲ್ಯಾರಿ ಕೆನ್ಯನ್ ಎಂಬ ತಂತ್ರಜ್ಞರಲ್ಲಿಗೆ ಹೋಗಿ, ಐವತ್ತು ಲಕ್ಷ ಜನ ಬಳಸುವ ಯಂತ್ರದಲ್ಲಿ ಹತ್ತು ಸೆಕೆಂಡು ಉಳಿಸಿದರೆ ಹಲವರ ಜೀವ ಉಳಿಸಿದಂತೆ ಎಂದು ವಾದಿಸಿದರೆಂದು ಅವರ ಸಹೋದ್ಯೋಗಿ ಆ್ಯಂಡಿ ಹರ್ಟ್ಸ್‌ಫೆಲ್ಡ್ ಬರೆದಿದ್ದಾರೆ. ಲೆಕ್ಕ ಹಾಕಿ ನೋಡಿ: ದಿನಕ್ಕೆ ಐದು ಕೋಟಿ ಸೆಕೆಂಡು, ಎಂದರೆ ಸುಮಾರು ೫೭೮ ದಿನ. ವರ್ಷವೊಂದಕ್ಕೆ ಏಳೆಂಟು ಮನುಷ್ಯರ ಪೂರ್ಣಾಯುಷ್ಯ! ಮುಂದಿನ ಕೆಲವು ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಸೆಕೆಂಡು ಉಳಿಯಿತು.

ನಿದ್ರೆಯ ಎರಡು ಬಗೆ

ಪ್ರತಿಸಲವೂ ಯಂತ್ರವನ್ನು ಪೂರ್ತಿ ಆರಿಸಬೇಕೆಂದಿಲ್ಲ. ‘ಸ್ಲೀಪ್’ ಎಂಬುದು ಲಘು ನಿದ್ರೆ. ಸ್ಮೃತಿಗೆ ಅಲ್ಪ ವಿದ್ಯುತ್ತು ದೊರೆಯುತ್ತಲೇ ಇರುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಎಚ್ಚರವಾಗುತ್ತದೆ. ಆದರೆ ವಿದ್ಯುತ್ತು ಕಡಿದರೆ ಉಳಿಸದ ಕೆಲಸ ಅಳಿಸಿಹೋಗುತ್ತದೆ. ‘ಹೈಬರ್ನೇಟ್’ ಎಂಬುದು ಗಾಢ ನಿದ್ರೆ. ಸ್ಮೃತಿಯಲ್ಲಿದ್ದುದನ್ನೆಲ್ಲ ಡಿಸ್ಕಿನಲ್ಲಿ ಬರೆದಿಟ್ಟು ಮಲಗುತ್ತದೆ. ಏಳುವುದು ಸ್ವಲ್ಪ ನಿಧಾನ, ಆದರೆ ವಿದ್ಯುತ್ತು ಹೋದರೂ ಭಯವಿಲ್ಲ. ೨೦೧೨ರ ವಿಂಡೋಸ್ ೮ರಿಂದ ಬಂದ ‘ಫಾಸ್ಟ್ ಸ್ಟಾರ್ಟಪ್’ ಈ ಗಾಢ ನಿದ್ರೆಯ ಒಂದಂಶವನ್ನೇ ಬಳಸುತ್ತದೆ. ಆದುದರಿಂದಲೇ ಯಂತ್ರ ಮೊಂಡುಹಿಡಿದಾಗ ‘ಶಟ್ ಡೌನ್’ಗಿಂತ ‘ರೀಸ್ಟಾರ್ಟ್’ ಹೆಚ್ಚು ಗುಣಕಾರಿ.

ಮನೆಯಲ್ಲೇ ಮಾಡಬಹುದಾದುದು

ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಪಟ್ಟಿಯಲ್ಲಿ ಕರೆಯದೆಯೇ ಬಂದು ಕೂರುವ ತಂತ್ರಾಂಶಗಳನ್ನು ತಡೆಯಿರಿ. ವೈರಸ್ ನಿರೋಧಕವನ್ನು ಮಾತ್ರ ಮುಟ್ಟಬೇಡಿ. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಖಾಲಿ ಇರಲಿ. ಇಷ್ಟಾದರೂ ಸುಧಾರಿಸದಿದ್ದರೆ, ಭಾವಚಿತ್ರಗಳನ್ನೂ ಕಾಗದಪತ್ರಗಳನ್ನೂ ಬೇರೊಂದೆಡೆ ನಕಲು ಮಾಡಿಟ್ಟುಕೊಂಡ ಬಳಿಕ ಬಲ್ಲವರಿಂದ ಎಸ್‌ಎಸ್‌ಡಿ ಹಾಕಿಸಿ.

ನಾವು ಹಾಗೆಯೇ ಮಾಡಿದೆವು. ಐದು ನಿಮಿಷ ಬೇಡುತ್ತಿದ್ದ ಯಂತ್ರ ಈಗ ಅರ್ಧ ನಿಮಿಷದಲ್ಲಿ ಸಿದ್ಧ. ಗುಜರಿ ಸೇರಬೇಕಿದ್ದುದು ಮಗಳ ಓದಿಗೆ ಒದಗುತ್ತಿದೆ. “ಅಪ್ಪಾ, ಇನ್ನು ನಿಮಗೆ ಚಹಾ ಕಾಯಿಸುವಷ್ಟು ಬಿಡುವೂ ಇಲ್ಲ” ಎಂದು ಅವಳು ನಗುತ್ತಾಳೆ.