ಮಾನನಷ್ಟದ ದಾವೆಗೂ ಮೊದಲು ಒಂದು ಲೆಕ್ಕ

ಪುಣೆಯ ಶಿವಾಜಿನಗರ ಕೋರ್ಟಿಗೆ ಹತ್ತಿರದಲ್ಲಿರುವ ನನ್ನ ಪುಟ್ಟ ಕಚೇರಿಗೆ ಒಂದು ಬೆಳಿಗ್ಗೆ ಶೆಟ್ಟರು ಬಂದರು. ಪುಣೆಯಲ್ಲಿ ಹೋಟೆಲ್ ನಡೆಸುವ ಶೆಟ್ಟರಿಗೇನು ಬರ? ಇಷ್ಟು ಹೇಳಿದರೆ ಯಾರೆಂದು ಗೊತ್ತಾಗುವುದಿಲ್ಲ ಎಂಬ ಧೈರ್ಯದಲ್ಲಿ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಕುಂದಾಪುರ ಕಡೆಯವರು. ಹದಿನಾರನೇ ವಯಸ್ಸಿಗೆ ಲೋಟ ತೊಳೆಯಲು ಬಂದು, ಈಗ ಎರಡು ಹೋಟೆಲಿನ ಮಾಲೀಕರು. ಯಾವತ್ತೂ ನಗುನಗುತ್ತಾ ಬರುವವರು ಅಂದು ಮಡಚಿದ ಪತ್ರಿಕೆಯೊಂದನ್ನು ಮೇಜಿನ ಮೇಲೆ ಬಿಸಾಡಿದರು.

ಅದೇ ರಸ್ತೆಯ ಇನ್ನೊಂದು ಹೋಟೆಲಿನ ಮೇಲೆ ಆಹಾರ ಇಲಾಖೆಯ ದಾಳಿ ನಡೆದಿತ್ತು. ಸುದ್ದಿ ಸರಿಯಾಗಿತ್ತು, ಹೆಸರೂ ಸರಿಯಾಗಿತ್ತು. ಆದರೆ ಅಚ್ಚಾದ ಚಿತ್ರ ನಮ್ಮ ಶೆಟ್ಟರ ಹೋಟೆಲಿನದು, ಬೋರ್ಡಿನ ಸಮೇತ. ಸುದ್ದಿ ಓದುವವರಿಗಿಂತ ಚಿತ್ರ ನೋಡುವವರೇ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಮೂರು ಆಫೀಸುಗಳು ಊಟದ ಆರ್ಡರ್ ನಿಲ್ಲಿಸಿದ್ದವು. ಊರಿನಿಂದ ಬೀಗರ ಫೋನೂ ಬಂದಿತ್ತು.

‘ವಕೀಲ್ರೇ, ಒಂದು ಕೋಟಿಗೆ ಕೇಸ್ ಹಾಕಿ. ಒಂದು ರೂಪಾಯಿ ಕಮ್ಮಿ ಆಗ್ಬಾರ್ದು ಮಾರಾಯ್ರೆ’ ಎಂದರು.

ನಾನು ಧಾರವಾಡದವನು. ಇಲ್ಲಿ ಇಪ್ಪತ್ತು ವರ್ಷಗಳಿಂದ ಸಿವಿಲ್ ವಕೀಲಿ. ಕೇಸ್ ಬೇಡ ಎನ್ನುವ ವಕೀಲನನ್ನು ಯಾರೂ ನಂಬುವುದಿಲ್ಲ. ಹಾಗಾಗಿ ಚಹಾ ತರಿಸಿ, ಇದೇ ಊರಿನ ಒಂದು ಕತೆ ಹೇಳಿದೆ.

ಹದಿನೈದು ಸೆಕೆಂಡಿನ ಚಿತ್ರ

2008ರ ಸೆಪ್ಟೆಂಬರ್‌ನಲ್ಲಿ ‘ಟೈಮ್ಸ್ ನೌ’ ವಾಹಿನಿ ಭವಿಷ್ಯನಿಧಿ ಹಗರಣದ ಸುದ್ದಿ ಬಿತ್ತರಿಸುತ್ತಿತ್ತು. ಅದರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರ ಹೆಸರು ಬಂದಾಗ, ಹೆಚ್ಚುಕಡಿಮೆ ಹಾಗೆಯೇ ಕೇಳಿಸುವ ಇನ್ನೊಂದು ಹೆಸರಿನವರ ಚಿತ್ರ ಪರದೆಯ ಮೇಲೆ ಮೂಡಿತು. ಸುಮಾರು 15 ಸೆಕೆಂಡು, ಅಷ್ಟೇ. ಆ ಚಿತ್ರ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅವರದು. ಪುಣೆಯಲ್ಲೇ ನೆಲೆಸಿದ್ದವರು, ಭಾರತೀಯ ಪತ್ರಿಕಾ ಮಂಡಳಿಯ ಅಧ್ಯಕ್ಷರೂ ಆಗಿದ್ದವರು. ತಪ್ಪು ಗೊತ್ತಾದ ಮೇಲೆ ವಾಹಿನಿ ಚಿತ್ರ ತೆಗೆಯಿತು. ಆದರೆ ತಿದ್ದುಪಡಿ ಬಿತ್ತರಿಸಲು ಹಲವು ದಿನ ತೆಗೆದುಕೊಂಡಿತು.

ಸಾವಂತ್ ದಾವೆ ಹೂಡಿದರು. 2011ರ ಏಪ್ರಿಲ್‌ನಲ್ಲಿ ಪುಣೆಯ ನ್ಯಾಯಾಲಯ 100 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ವಾಹಿನಿ ಬಾಂಬೆ ಹೈಕೋರ್ಟಿಗೆ ಮೇಲ್ಮನವಿ ಹೋಯಿತು. ತಡೆಯಾಜ್ಞೆ ಬೇಕಿದ್ದರೆ 20 ಕೋಟಿ ಠೇವಣಿ ಇಡಿ, ಉಳಿದ 80 ಕೋಟಿಗೆ ಬ್ಯಾಂಕ್ ಗ್ಯಾರಂಟಿ ಕೊಡಿ ಎಂದಿತು ಹೈಕೋರ್ಟು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಆ ಷರತ್ತಿನಲ್ಲಿ ಕೈಹಾಕಲಿಲ್ಲ.

‘ನೋಡಿ ಮತ್ತೆ! ನನ್ನದೂ ಅದೇ ಅಲ್ವಾ, ತಪ್ಪು ಚಿತ್ರ’ ಎಂದು ಶೆಟ್ಟರು ಕುರ್ಚಿಯ ತುದಿಗೆ ಬಂದರು.

ಅದೇ ಹೌದು. ಆದರೆ ಅಲ್ಲಿ ವಾದಿ ಯಾರು? ಕಾನೂನನ್ನು ಅರೆದು ಕುಡಿದವರು, ಸುಪ್ರೀಂ ಕೋರ್ಟಿನಲ್ಲಿ ಕೂತು ತೀರ್ಪು ಬರೆದವರು. ಅವರಿಗೂ ಮೊದಲ ಹಂತದ ತೀರ್ಪಿಗೆ ಎರಡೂವರೆ ವರ್ಷ ಬೇಕಾಯಿತು, ತೀರ್ಪಾದ ಮೇಲೆ ಮೇಲ್ಮನವಿ ಶುರುವಾಯಿತು. ದಾವೆಯ ಹೊತ್ತಿಗೆ ಅವರ ವಯಸ್ಸು 78. ಕೈಗೆ ಡಿಕ್ರಿ ಬರುವುದು ಬೇರೆ, ಜೇಬಿಗೆ ಹಣ ಬರುವುದು ಬೇರೆ.

ಖರ್ಚು ಎಲ್ಲೆಲ್ಲಿ?

ಮೊದಲನೆಯದು ಕೋರ್ಟು ಶುಲ್ಕ. ಕೇಳುವ ಮೊತ್ತ ಹೆಚ್ಚಿದಂತೆ ಶುಲ್ಕವೂ ಏರುತ್ತದೆ. ಒಂದು ಕೋಟಿ ಕೇಳಿದರೆ ಶುಲ್ಕವೇ ಲಕ್ಷಗಳಲ್ಲಿ, ಅದನ್ನು ಮೊದಲೇ ಕಟ್ಟಬೇಕು. ಕೋರ್ಟು ಕೊನೆಗೆ ಐದು ಲಕ್ಷ ಕೊಡಿಸಿದರೂ ಶುಲ್ಕ ಕಟ್ಟಿದ್ದು ಕೋಟಿಯ ಲೆಕ್ಕದಲ್ಲಿ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಶುಲ್ಕ ವಾಪಸ್ ಬರುತ್ತದೆ, ಸೋತರೆ ಬರುವುದಿಲ್ಲ. ಗೆದ್ದವರಿಗೂ ವಕೀಲರ ನಿಜವಾದ ಖರ್ಚನ್ನು ನಮ್ಮ ಕೋರ್ಟುಗಳು ಪೂರ್ತಿ ಕೊಡಿಸುವುದು ಅಪರೂಪ.

ಎರಡನೆಯದು ಸಮಯ. ದೊಡ್ಡ ಪತ್ರಿಕೆಗೆ ವಕೀಲರ ಪಡೆಯೇ ಇರುತ್ತದೆ. ವಾಯಿದೆ ಮುಂದೆ ಹೋದರೆ ಅವರಿಗೇನೂ ಆಗದು. ಶೆಟ್ಟರಿಗೆ ಮಾತ್ರ ಪ್ರತಿ ವಾಯಿದೆಗೂ ಗಲ್ಲಾಪೆಟ್ಟಿಗೆಯನ್ನು ಬೇರೆಯವರ ಕೈಗೊಪ್ಪಿಸಿ ಬರಬೇಕು.

ಮೂರನೆಯದು ಯಾರೂ ಲೆಕ್ಕಕ್ಕೆ ಹಿಡಿಯದ ಖರ್ಚು: ಪಾಟೀಸವಾಲು. ಮಾನ ಹೋಯಿತೆಂದು ದಾವೆ ಹಾಕಿದವನು ತನ್ನ ಮಾನವನ್ನೇ ಪರೀಕ್ಷೆಗೆ ಒಡ್ಡುತ್ತಾನೆ. ‘ನಿಮ್ಮ ಹೋಟೆಲಿಗೆ ಹಿಂದೆ ಎಂದಾದರೂ ಇಲಾಖೆಯ ನೋಟಿಸ್ ಬಂದಿತ್ತಾ ಎಂದು ಆ ಕಡೆಯ ವಕೀಲರು ಕೇಳ್ತಾರೆ’ ಅಂದೆ. ಶೆಟ್ಟರು ಚಹಾದ ಲೋಟ ಕೆಳಗಿಟ್ಟರು. ಆರು ವರ್ಷದ ಹಿಂದೆ ಒಮ್ಮೆ ಲೈಸೆನ್ಸ್ ನವೀಕರಣ ತಡವಾಗಿ ನೋಟಿಸ್ ಬಂದಿತ್ತಂತೆ. ಸಣ್ಣ ವಿಷಯ. ಆದರೆ ಅದು ಕೋರ್ಟಿನ ದಾಖಲೆಗೆ ಬರುತ್ತದೆ, ಕೋರ್ಟಿನ ಕಲಾಪವನ್ನು ನ್ಯಾಯವಾಗಿ ವರದಿ ಮಾಡಲು ಪತ್ರಿಕೆಗಳಿಗೆ ಕಾನೂನಿನ ರಕ್ಷಣೆಯೂ ಇದೆ. ಜನ ಮರೆತ ಮೇಲೂ ವಾಯಿದೆ ವಾಯಿದೆಗೆ ನೆನಪಿಸಿದಂತಾಗುತ್ತದೆ.

ಸುಳ್ಳು ಹೇಳಿ ದಾವೆಗೆ ಇಳಿದವರ ಗತಿ ಇನ್ನೂ ಕಷ್ಟ. ಬ್ರಿಟನ್ನಿನ ಮಂತ್ರಿಯಾಗಿದ್ದ ಜೊನಾಥನ್ ಐಟ್ಕೆನ್ ‘ಗಾರ್ಡಿಯನ್’ ಪತ್ರಿಕೆ ಮತ್ತು ಗ್ರನಾಡಾ ಟೆಲಿವಿಷನ್ ಮೇಲೆ ಮಾನನಷ್ಟದ ದಾವೆ ಹೂಡಿದ್ದರು. ಪ್ಯಾರಿಸಿನ ರಿಟ್ಜ್ ಹೋಟೆಲಿನ ಬಿಲ್ಲನ್ನು ಹೆಂಡತಿ ಕಟ್ಟಿದಳು ಎಂಬುದು ಅವರ ವಾದ. ಆ ಹೊತ್ತಿಗೆ ಹೆಂಡತಿ ಪ್ಯಾರಿಸಿನಲ್ಲಿ ಇರಲೇ ಇಲ್ಲ ಎಂದು ಪ್ರಯಾಣದ ದಾಖಲೆಗಳೇ ತೋರಿಸಿದವು. 1997ರಲ್ಲಿ ದಾವೆ ಕುಸಿಯಿತು. 1999ರಲ್ಲಿ ಸುಳ್ಳು ಸಾಕ್ಷ್ಯಕ್ಕಾಗಿ 18 ತಿಂಗಳ ಶಿಕ್ಷೆಯಾಯಿತು. ಹೋಟೆಲಿನ ಒಂದು ಬಿಲ್ಲು ಮಂತ್ರಿಯನ್ನು ಜೈಲಿಗೆ ಕಳಿಸಿದ ಕತೆ ಕೇಳಿ ಶೆಟ್ಟರಿಗೆ ಅಂದು ಮೊದಲ ಸಲ ನಗು ಬಂತು.

ಬೇರೆ ಬಾಗಿಲುಗಳು

ಕ್ರಿಮಿನಲ್ ದೂರಿನ ದಾರಿಯೂ ಇದೆ. 2016ರಲ್ಲಿ ಸುಪ್ರೀಂ ಕೋರ್ಟು ಕ್ರಿಮಿನಲ್ ಮಾನನಷ್ಟದ ಕಾನೂನನ್ನು ಎತ್ತಿಹಿಡಿಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಎರಡು ವರ್ಷದವರೆಗೆ ಸಾದಾ ಸಜೆ, ದಂಡ ಅಥವಾ ಸಮುದಾಯ ಸೇವೆ. ಆದರೆ ಶೆಟ್ಟರಿಗೆ ಬೇಕಿದ್ದದ್ದು ತಮ್ಮ ಹೆಸರು. ವರದಿಗಾರ ಹುಡುಗನ ಜೈಲುವಾಸವಲ್ಲ.

ತಡೆಯಾಜ್ಞೆ ತಂದು ಬಾಯಿ ಮುಚ್ಚಿಸುವ ದಾರಿಯನ್ನು ದೊಡ್ಡವರು ಹಿಡಿಯುತ್ತಾರೆ. 2021ರ ಮಾರ್ಚ್‌ನಲ್ಲಿ ಕರ್ನಾಟಕದ ಆರು ಮಂತ್ರಿಗಳು ಬೆಂಗಳೂರಿನ ಸಿವಿಲ್ ಕೋರ್ಟಿನಿಂದ ಹತ್ತಾರು ಮಾಧ್ಯಮಗಳ ವಿರುದ್ಧ ತಡೆಯಾಜ್ಞೆ ತಂದರು. ‘ಏನಿದೆಯಂತೆ?’ ಎಂದು ಕೇಳದಿದ್ದವರೂ ಅಂದು ಕೇಳಿದರು. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್–ಝೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವಿಚಾರಣೆಗೂ ಮೊದಲೇ ಬರಹಕ್ಕೆ ತಡೆ ಕೊಡುವುದು ಅಪರೂಪವಾಗಿರಬೇಕು ಎಂದು ಎಚ್ಚರಿಸಿತು. ಅದೂ ಸರಿಯೇ. ದುಡ್ಡಿದ್ದವರು ದಾವೆ ಹಾಕಿದಾಗ ಸಣ್ಣ ಪತ್ರಿಕೆ ವಿಚಾರಣೆಯ ಖರ್ಚಿಗೇ ಮುಳುಗುತ್ತದೆ. ಕೋರ್ಟಿನ ಖರ್ಚು ಯಾವಾಗಲೂ ಸಣ್ಣವನನ್ನೇ ಹಿಂಡುತ್ತದೆ, ಆತ ಹೋಟೆಲಿನವನಾಗಿರಲಿ, ಸಂಪಾದಕನಾಗಿರಲಿ.

ದಿನಪತ್ರಿಕೆಯ ವಿರುದ್ಧವಾದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮೊದಲು ಸಂಪಾದಕರಿಗೆ ಬರೆಯಬೇಕು, ಪ್ರಕಟವಾದ ಎರಡು ತಿಂಗಳೊಳಗೆ ಮಂಡಳಿಗೆ ಹೋಗಬೇಕು. ಛೀಮಾರಿ ಹಾಕುವ ಅಧಿಕಾರ ಅದಕ್ಕಿದೆ, ಪರಿಹಾರ ಕೊಡಿಸುವ ಅಧಿಕಾರವಿಲ್ಲ. ಟಿವಿ ವಾಹಿನಿಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಮಂಡಳಿಯ ಅಧ್ಯಕ್ಷರಾಗಿದ್ದ ಸಾವಂತ್ ಅವರೇ ಕೋರ್ಟಿನ ಮೆಟ್ಟಿಲು ಹತ್ತಿದ್ದನ್ನು ಇಲ್ಲಿ ನೆನೆಯಬೇಕು.

ನಾವು ನೋಟಿಸ್ ಕೊಟ್ಟೆವು. ಹಣ ಕೇಳಲಿಲ್ಲ. ಅದೇ ಪುಟದಲ್ಲಿ, ಅದೇ ಅಳತೆಯಲ್ಲಿ ತಿದ್ದುಪಡಿ ಕೇಳಿದೆವು. ಮೊದಲು ಒಳಪುಟದ ಮೂಲೆಯಲ್ಲಿ ಮೂರು ಸಾಲು ಬಂತು. ಮತ್ತೆ ಬರೆದೆವು. ಐದನೇ ವಾರ ಅದೇ ಪುಟದಲ್ಲಿ ವಿಷಾದ ಅಚ್ಚಾಯಿತು. ಶೆಟ್ಟರು ಅದನ್ನು ಲ್ಯಾಮಿನೇಟ್ ಮಾಡಿಸಿ ಗಲ್ಲಾದ ಹಿಂದೆ ತೂಗುಹಾಕಿದರು. ವಾರದಲ್ಲೇ ತೆಗೆದರು. ಹೊಸ ಗಿರಾಕಿಗಳು ಅದನ್ನು ಓದಿ ‘ಯಾವ ದಾಳಿ?’ ಎಂದು ಕೇಳತೊಡಗಿದ್ದರಂತೆ!

ಲಿಖಿತ ಮಾನನಷ್ಟಕ್ಕೆ ಸಿವಿಲ್ ದಾವೆ ಹೂಡಲು ಪ್ರಕಟವಾದಂದಿನಿಂದ ಒಂದೇ ವರ್ಷದ ಅವಕಾಶ. ಅದು ಮುಗಿಯುವ ಹಿಂದಿನ ದಿನ ಶೆಟ್ಟರೇ ಫೋನ್ ಮಾಡಿದರು. ತಾರೀಖು ಮರೆತಿರಲಿಲ್ಲ. ನಿಂತ ಮೂರು ಆಫೀಸುಗಳಲ್ಲಿ ಎರಡು ವಾಪಸ್ ಬಂದಿದ್ದವು, ಒಂದು ಬರಲೇ ಇಲ್ಲ.

‘ಬೇಡ ಬಿಡಿ ವಕೀಲ್ರೇ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಸೇರಿಸಿದರು: ‘ಎಲ್ಲಾದ್ರೂ ಬರೆದ್ರೆ, ನನ್ನ ಕೈಲಾಗ್ಲಿಲ್ಲ ಅಂತ ಬರೀರಿ. ಅವರದ್ದು ತಪ್ಪಲ್ಲ ಅಂತ ಮಾತ್ರ ಬರೀಬೇಡಿ.’

ಬರೆದಿದ್ದೇನೆ. ನನ್ನ ಸಲಹೆ ಲೆಕ್ಕಕ್ಕೆ ಸರಿ ಎಂದು ಇಂದಿಗೂ ನಂಬಿದ್ದೇನೆ. ಆದರೆ ಎಲ್ಲ ವಕೀಲರೂ ಎಲ್ಲ ಶೆಟ್ಟರಿಗೂ ಇದೇ ಲೆಕ್ಕ ಹೇಳಿದರೆ, ಅಚ್ಚಿಗೆ ಹೋಗುವ ಮುನ್ನ ಚಿತ್ರವನ್ನು ಇನ್ನೊಮ್ಮೆ ನೋಡುವ ಗರಜು ಯಾರಿಗಿರುತ್ತದೆ? ಆ ಪ್ರಶ್ನೆಗೆ ನನ್ನ ಫೈಲಿನಲ್ಲಿ ಉತ್ತರವಿಲ್ಲ.

(ಲೇಖಕರು ಧಾರವಾಡ ಮೂಲದವರು, ಪುಣೆಯಲ್ಲಿ ವಕೀಲರು)